ಐರಾಣಿಗೆ ಬಿದ್ದ ತೂತು

ಗಡಿಗೆಗೆ ತೂತು ಹೊಡೆಯುವ ಜಾಗ ಈ ಲೋಕದಲ್ಲಿ ಒಂದೇ. ಸುಡುಗಾಡು.

ಗುಡೂರಿನ ಕುಂಬಾರ ಓಣಿಯಲ್ಲಿ ಹುಟ್ಟಿದ ಕೂಸಿಗೂ ಇದು ಗೊತ್ತು. ಹೆಣವನ್ನು ಹೂಳದೆ ಸುಡುವ ಮಂದಿಯ ಮನೆಯಲ್ಲಿ ಯಾರಾದರೂ ಕಣ್ಣು ಮುಚ್ಚಿದರೆ, ಆ ಮನೆಯವನೊಬ್ಬ ಕುಂಬಾರರ ಹಿತ್ತಲ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಮಾತಾಡುವುದಿಲ್ಲ. ಕುಂಬಾರಗಿತ್ತಿ ಒಂದು ಗಡಿಗೆ ತಂದು ನೆಲಕ್ಕಿಡುತ್ತಾಳೆ. ಕೈಗೆ ಕೊಡುವುದಿಲ್ಲ. ಅವನು ಎತ್ತಿಕೊಂಡು ಹೋಗುತ್ತಾನೆ. ಸುಡುಗಾಡಿನಲ್ಲಿ ಅದಕ್ಕೆ ನೀರು ತುಂಬಿ, ಸತ್ತವರ ಮಗ ಹೆಗಲ ಮೇಲಿಟ್ಟುಕೊಂಡು ಹೆಣದ ಸುತ್ತ ಎಡಕ್ಕೆ ಮೂರು ಸುತ್ತು ಹಾಕುತ್ತಾನೆ. ಹಿಂದೆ ಬರುವವನು ಕಲ್ಲಿನಿಂದ ಕುಟ್ಟಿ ತೂತು ಮಾಡುತ್ತಾನೆ. ನೀರು ಸೋರುತ್ತದೆ. ಮೂರು ಸುತ್ತು ಮುಗಿದರೆ ಗಡಿಗೆಯನ್ನು ಬೆನ್ನ ಹಿಂದೆ ಕೆಡವಿ ನಡೆದುಬಿಡಬೇಕು. ತಿರುಗಿ ನೋಡಬಾರದು. ಮುಗಿಯಿತು.

ಮದುವೆಯ ಗಡಿಗೆಗೆ ಮುಂಬಾಗಿಲು. ಅದಕ್ಕೆ ಐರಾಣಿ ಅನ್ನುತ್ತಾರೆ. ಸುಣ್ಣ ಬಳಿದು, ಕೆಮ್ಮಣ್ಣಿನ ಗೆರೆ ಎಳೆದು, ಅರಿಶಿನದ ಬೊಟ್ಟಿಟ್ಟ ಗಡಿಗೆ. ಮದುವೆ ಮನೆಯವರು ಬಾಜಾ ಬಾರಿಸುತ್ತ ಬಂದು ಕುಂಬಾರರ ತಿಗರಿಗೆ, ಅಂದರೆ ಗಡಿಗೆ ಮಾಡುವ ಚಕ್ರಕ್ಕೆ, ಪೂಜೆ ಮಾಡಿ, ಮುತ್ತೈದೆಯೋ ವಿಧವೆಯೋ ನೋಡದೆ ಕುಂಬಾರಗಿತ್ತಿಯ ಉಡಿ ತುಂಬಿ, ಗಡಿಗೆಯೊಳಗೆ ಒಂದು ಹಿಡಿ ಜೋಳ ಹಾಕಿ ಆಮೇಲೆ ಎತ್ತಬೇಕು. ಬರಿದಾದ ಐರಾಣಿಯನ್ನು ಹೊಸ್ತಿಲು ದಾಟಿಸಬಾರದು. ಐರಾಣಿ ಬರದೆ ಮದುವೆ ಮನೆಯಲ್ಲಿ ಅರಿಶಿನ ಹಚ್ಚುವುದಿಲ್ಲ.

ಇಷ್ಟೇ. ಎರಡು ಬಾಗಿಲು, ಎರಡು ಗಡಿಗೆ. ಕುರಿ ಕಾಯುವ ಹುಡುಗನಿಗೂ ತಿಳಿಯುವ ಲೆಕ್ಕ. ಆದರೆ ಐಶ್ವರ್ಯ ಮೇಡಂಗೆ ತಿಳಿದಿರಲಿಲ್ಲ. ಕುಂಬಾರಗಿತ್ತಿ ಶಿವಬಸವ್ವನ ಜೊತೆ ನಾಲ್ಕು ತಿಂಗಳು ಇದ್ದರೂ ತಿಳಿಯಲಿಲ್ಲ. ಕೇಳಿದ್ದರೆ ಶಿವಬಸವ್ವ ಹೇಳುತ್ತಿದ್ದಳು. ಕೇಳುವ ಅಭ್ಯಾಸ ಮೇಡಂಗಿರಲಿಲ್ಲ.

ಐಶ್ವರ್ಯ ಮೇಡಂ ಸೆರಾಮಿಕ್ ಕಲಾವಿದೆ. ಪಟ್ಟದಕಲ್ಲಿನಿಂದ ಬಾದಾಮಿಗೆ ಹೋಗುವ ದಾರಿಯಲ್ಲಿ ಹೊಸದಾಗಿ ಒಂದು ಕಲಾ ಗ್ಯಾಲರಿ ಆಗಿದೆಯಲ್ಲ, ಅದರ ಹಿಂದಿನ ಶೆಡ್ಡಿನಲ್ಲಿ ಇದ್ದು ಕೆಲಸ ಮಾಡಲು ಬಂದವಳು. ಗ್ಯಾಲರಿ ಕಟ್ಟಿಸಿದವನು ಇಳಕಲ್ಲಿನ ಶಂಕರಲಿಂಗ ಸಾವ್ಕಾರ. ಕೆಂಪು ಗ್ರಾನೈಟಿನ ಧಣಿ. ಮೂವತ್ತು ವರ್ಷ ಗುಡ್ಡ ಕಡಿದು ಮಾರಿದ. ಕಡಿಯಲು ಗುಡ್ಡ ತೀರುತ್ತ ಬಂದ ಮೇಲೆ ಅವನಿಗೆ ಮಣ್ಣಿನ ಮೇಲೆ ಪ್ರೀತಿ ಹುಟ್ಟಿತು. ಅಂಥವರಿಗೆ ಹಾಗೆಯೇ ಹುಟ್ಟುತ್ತದೆ, ಕೊನೆಗೆ.

ಮಣ್ಣು ಹದ ಮಾಡಲು ಜನ ಬೇಕಾಯಿತು. ಸಾವ್ಕಾರ ಗುಡೂರಿಗೆ ಗಾಡಿ ಕಳಿಸಿದ. ಗಂಡ ಸೋಮಲಿಂಗ ಹೋದ ಮೇಲೆ ಒಬ್ಬಳೇ ದುಡಿಯುತ್ತಿದ್ದ ಶಿವಬಸವ್ವ ಹೋದಳು.

ಅವಳ ಬಗ್ಗೆ ಒಂದು ಮಾತು ಹೇಳಬೇಕು. ಕುಂಬಾರರಲ್ಲಿ ಹೆಂಗಸು ತಿಗರಿ ಮುಟ್ಟುವಂತಿಲ್ಲ. ಗಂಡಸು ತಿಗರಿಯ ಮೇಲೆ ಎತ್ತುತ್ತಾನೆ, ಹೆಂಗಸು ಒಳಗೆ ಗುಂಡುಕಲ್ಲು ಹಿಡಿದು ಹೊರಗೆ ಹಲಗೆಯಿಂದ ತಟ್ಟಿ ತಳ ಮುಚ್ಚುತ್ತಾಳೆ. ಸೋಮಲಿಂಗ ಸತ್ತು ತಿಂಗಳಾಗಿರಲಿಲ್ಲ, ಶಿವಬಸವ್ವ ತಿಗರಿ ಮುಂದೆ ಕೂತಳು. ಓಣಿಯ ಹಿರಿಯರು ಬಂದರು.

"ಹೆಂಗಸು ತಿಗರಿ ಮುಟ್ಟಿದ್ರ ಮಳಿ ಹೋಗತೈತಿ ಶಿವಬಸವ್ವಾ."

"ನನ್ನ ಹೊಟ್ಟಿಗಿ ಮಳಿ ಹೋಗಿ ತಿಂಗಳಾತ್ರಿ," ಅಂದಳು ಆಕೆ. "ಮದಲ ಅದನ್ನ ಕರಸ್ರಿ. ಊರ ಮಳಿ ಆಮ್ಯಾಲ ನೋಡೂಣು."

ಹಿರಿಯರು ಹೋದರು. ಆ ವರ್ಷ ಮಳೆಯೂ ಬಂತು.

ಇಂಥ ಹೆಂಗಸು ಆ ಶೆಡ್ಡಿನಲ್ಲಿ ನಾಲ್ಕು ತಿಂಗಳು ಮಣ್ಣು ತುಳಿದಳು. ಕೆರೆಯ ಮಣ್ಣು ಅಗೆದು ತಂದು, ಒಣಗಿಸಿ, ಕುಟ್ಟಿ, ಸಾಣಿಸಿ, ನೆನೆಹಾಕಿ, ಬೂದಿ ಬೆರೆಸಿ ತುಳಿಯುವುದು. ಬೆಳಿಗ್ಗೆ ಎರಡು ತಾಸು, ಮಧ್ಯಾಹ್ನ ಎರಡು ತಾಸು. ಮಣ್ಣಲ್ಲಿ ಉಳಿದ ಹರಳು ಹಿಮ್ಮಡಿಯ ಸೀಳಿನೊಳಗೆ ಹೋಗಿ ಕೂರುತ್ತದೆ. ಸೂಜಿಯಿಂದ ತೆಗೆಯಬೇಕು. ಮೊಣಕಾಲು ಹಿಡಿಯುತ್ತದೆ. ಸೊಂಟ ಸತ್ತುಹೋಗುತ್ತದೆ. ಮೇಡಂ ಕೈಗೆ ನೀಲಿ ಗ್ಲೌಸು ಹಾಕಿಕೊಂಡು ಬಂದು, ತುಳಿದ ಮಣ್ಣಿನಲ್ಲಿ ಒಂದು ಹಿಡಿ ತೆಗೆದು ಮೂಸಿ, "ಎಷ್ಟೊಂದು ನೆನಪುಗಳಿವೆ ಈ ಮಣ್ಣಲ್ಲಿ" ಅನ್ನುತ್ತಿದ್ದಳು. ನೆನಪಲ್ಲ, ಅದು ಬೂದಿ. ಹೋದವಾರದ ಒಲೆಯದು.

ಒಂದು ದಿನ ಕ್ಯಾಮೆರಾ ಬಂತು. ಶಿವಬಸವ್ವ ಸೆರಗು ಸರಿ ಮಾಡಿಕೊಂಡು, ಬೆವರು ಒರೆಸಿಕೊಂಡು ನಿಂತಳು.

"ಮುಖ ಬೇಡ," ಅಂದಳು ಮೇಡಂ ಕ್ಯಾಮೆರಾದವನಿಗೆ. "ಕಾಲು ಸಾಕು. ಕಾಲುಗಳೇ ಹೆಚ್ಚು ಮಾತಾಡ್ತವೆ."

ಕಾಲು ಮಾತಾಡುತ್ತವಂತೆ. ಬಾಯಿಗೆ ಮಾತ್ರ ಅಲ್ಲಿ ಕೆಲಸವಿರಲಿಲ್ಲ. ಚಹಾ ಕೊಡುವಾಗಲೂ ಮೇಡಂಗೆ ಆಕೆಯೇ ಮಾಡಿದ ಬೂದುಬಣ್ಣದ ಬಟ್ಟಲು, ಶಿವಬಸವ್ವನಿಗೆ ಕಾಗದದ ಕಪ್ಪು. ನಾಲ್ಕು ತಿಂಗಳು ಮಣ್ಣಿನ ಕೆಲಸ ಮಾಡಿದ ಹೆಂಗಸು ಕಾಗದದಲ್ಲಿ ಕುಡಿದಳು.

ಪ್ರದರ್ಶನದ ದಿನ ಹತ್ತಿರ ಬಂದಾಗ ಕೆಲಸ ಮುಗಿಯಿತು. ಕೊನೆಗೆ ನಲವತ್ತು ಸಾದಾ ಗಡಿಗೆ ಬೇಕೆಂದರು, ಮಂಗಳವಾರ ಉದ್ಘಾಟನೆಗೂ ಬರಬೇಕೆಂದರು. ಶಿವಬಸವ್ವ ಮನೆಯಲ್ಲೇ ಮಾಡಿ ಸುಟ್ಟು, ಅಂಗಳದ ಬೇವಿನ ಗಿಡದ ಕೆಳಗೆ ಸಾಲಾಗಿ ಇಟ್ಟಳು. ಅದೇ ಆವಿಗೆಯಲ್ಲಿ ಇನ್ನೊಂದು ಕೆಲಸವೂ ಆಗಿತ್ತು. ಕುರುಬರ ಮುದಕಪ್ಪ ಮತ್ತು ಮಾಯವ್ವನ ಮಗಳು ಭಾಗ್ಯಾಳ ಮದುವೆ. ಶುಕ್ರವಾರ ಅಕ್ಷತೆ, ಗುರುವಾರ ಐರಾಣಿ. ಹನ್ನೊಂದು ಗಡಿಗೆ. ಅವನ್ನು ಆಕೆ ಪಡಸಾಲೆಯಲ್ಲಿ, ತಿಗರಿಯ ಪಕ್ಕದಲ್ಲಿ, ಜೋಳದ ಸೊಪ್ಪೆ ಹಾಸಿ, ಮೇಲೊಂದು ಹಳೆಯ ಧೋತರ ಹೊದಿಸಿ ಇಟ್ಟಿದ್ದಳು.

ಸೋಮವಾರ ಆಕೆ ಕೆರೆಗೆ ಮಣ್ಣು ತರಲು ಹೋಗಿದ್ದಳು. ತಲೆಯ ಮೇಲೆ ಬುಟ್ಟಿ ಹೊತ್ತು ವಾಪಸು ಬಂದಾಗ ಮಧ್ಯಾಹ್ನ. ಬೇವಿನ ಗಿಡದ ಕೆಳಗೆ ನಲವತ್ತು ಗಡಿಗೆ ಹಾಗೇ ಇದ್ದವು. ಪಡಸಾಲೆ ಬರಿದಾಗಿತ್ತು. ಧೋತರವನ್ನು ಚೆನ್ನಾಗಿ ಮಡಚಿ ಇಟ್ಟಿದ್ದರು. ತಿಗರಿಯ ನಡುವೆ ಒಂದು ಮಣ್ಣಿನ ಹೆಂಟೆ, ಹೆಂಟೆಯ ಕೆಳಗೆ ಐನೂರರ ನಾಲ್ಕು ನೋಟು.

ಮಗ್ಗುಲ ಮನೆಯ ಹುಸೇನಬಿ ಬಾಗಿಲಿಗೆ ಬಂದಳು. "ನಿನ್ನ ಮೇಡಮ್ಮ ಗಾಡಿ ತಗೊಂಡ ಬಂದಿದ್ಳು ಶಿವಬಸವ್ವಾ. ಆ ಗಿಡದ ಕೆಳಗಿನವನ್ನ ನೋಡಿ ಮಾರಿ ಸಣ್ಣದು ಮಾಡಿದ್ಳು. ಒಳಗ ಇಣಕಿ ನೋಡಿ 'ಇವೇ, ಇವೇ' ಅಂತ ಕೂಸಿನಗತೆ ಚಪ್ಪಾಳಿ ಹೊಡದ್ಳು. ನಾ ಕೂಗಿ ಹೇಳಿದ್ನೆವ್ವಾ, ಅವು ಮದಿವಿ ಗಡಗಿ ಅದಾವು, ಮುಟ್ಟಬ್ಯಾಡ್ರಿ ಅಂತ. 'ನಾನು ಅವರ ಹತ್ರ ಮಾತಾಡ್ತೀನಿ' ಅಂದು ಹೋದ್ಳು."

ಶಿವಬಸವ್ವ ತಲೆಯ ಮೇಲಿನ ಬುಟ್ಟಿ ಇಳಿಸುವುದನ್ನೂ ಮರೆತು ನಿಂತಳು.

ಸಂಜೆ ಮುಂದೆ ಮಾಯವ್ವ ಬಂದಳು. ಐರಾಣಿಯ ಉಡಿಗೆ ಗುಳೇದಗುಡ್ಡದ ಖಣ ತಂದಿದ್ದಳು, ಬಣ್ಣ ಒಪ್ಪಿಗೆಯೋ ಇಲ್ಲವೋ ತೋರಿಸಲು. ಪಡಸಾಲೆ ನೋಡಿದಳು. ತಿಗರಿಯ ಮೇಲಿನ ನೋಟು ನೋಡಿದಳು. ಖಣವನ್ನು ಸೆರಗಿನೊಳಗೆ ಇಟ್ಟುಕೊಂಡಳು.

"ಯಕ್ಕಾ, ಮಾರಿದೇನು?"

"ನಾ ಆ ರೊಕ್ಕ ಮುಟ್ಟಿಲ್ಲ. ಇಟ್ಟಲ್ಲೇ ಅದಾವು ನೋಡು."

"ಮುಟ್ಟಿಲ್ಲ ಅಂದ್ರ ಮಾರಿಲ್ಲ ಅಂತೇನು? ನನ್ನ ಮದಿವಿಗಿ ನಿಮ್ಮತ್ತಿ ಕೊಟ್ಟಳು. ನಮ್ಮತ್ತಿ ಮದಿವಿಗಿ ನಿಮ್ಮತ್ತಿಯ ಅತ್ತಿ ಕೊಟ್ಟಳು. ಈಗ ನನ್ನ ಮಗಳ ಪಾಳಿ ಬಂದಾಗ ನಿನಗ ಮೇಡಮ್ಮ ಸಿಕ್ಕಳೇನು? ಬೀರಪ್ಪನ ಆಣಿ ಮಾಡಿ ಹೇಳು."

ಶಿವಬಸವ್ವನ ಬದುಕಿನಲ್ಲಿ ಯಾರೂ ಆಕೆಗೆ ಆಣೆ ಕೇಳಿರಲಿಲ್ಲ. ಹೆಣದ ಗಡಿಗೆಗೂ ರೇಟು ಹೇಳದ ಮನೆ ಅದು. ಕೊಟ್ಟಷ್ಟು ತಗೊಂಡ ಮನೆ. ಆ ಮನೆಯ ಪಡಸಾಲೆಯಲ್ಲಿ ನಿಂತು ಮಾಯವ್ವ 'ಮಾರಿದೇನು' ಅಂದಿದ್ದಳು. ಗಡಿಗೆ ಹೋಗಿದ್ದಕ್ಕಿಂತ ಅದು ಹೆಚ್ಚು ಉರಿಯಿತು.

"ಆಣಿ ಮಾಡಾಂಗಿಲ್ಲ," ಅಂದಳು. "ಮುಂಜಾನೆ ಬಸ್ಸಿಗಿ ನೀನೂ ಬಾ. ನಿನ್ನ ಕಣ್ಣ ಮುಂದ ಕೇಳತೇನಿ. ನಿನ್ನ ಕಣ್ಣ ಮುಂದ ತರತೇನಿ."

ಮಂಗಳವಾರ ಹತ್ತೂವರೆಗೆ ಇಬ್ಬರೂ ಗ್ಯಾಲರಿಯ ಗೇಟಿನಲ್ಲಿ ಇಳಿದರು. ಶಿವಬಸವ್ವನ ಸೆರಗಿನ ತುದಿಯಲ್ಲಿ ನಾಲ್ಕು ನೋಟು ಗಂಟು ಹಾಕಿತ್ತು. ಮಾಯವ್ವನ ಚೀಲದಲ್ಲಿ ಒಂದು ಸೇರು ಜೋಳ. ಸಿಕ್ಕರೆ ಬರಿದು ಎತ್ತಬಾರದಲ್ಲ.

ಒಳಗೆ ಉದ್ಘಾಟನೆ. ಕಾರು ಸಾಲಾಗಿ ನಿಂತಿದ್ದವು. ವಾಚಮನ್ ಹುಲ್ಲಪ್ಪ ಪಟ್ಟದಕಲ್ಲಿನವನು, ಶೆಡ್ಡಿನ ದಿನಗಳಿಂದ ಪರಿಚಯ. ಇವತ್ತು ಅವನಿಗೆ ಕೆಂಪು ಟೊಪ್ಪಿಗೆ, ಬಿಳಿ ಗ್ಲೌಸು ಹಾಕಿಸಿದ್ದರು.

"ಬಾ ಬೇ ಯವ್ವಾ. ಮೇಡಮ್ಮಾರು ನಿನ್ನ ಹಾದಿ ನೋಡಾಕತ್ತಾರ. ಹಿಂದಿನ ಬಾಗಲಿಂದ ಹೋಗು. ಮುಂದಿನದು ಗೆಸ್ಟ್ ಮಂದಿಗಂತ."

"ಹುಲ್ಲಪ್ಪಾ, ನೀವು ಸುಡೂ ಮಂದಿ ಹೌದಲ್ಲೊ?"

"ಹೌದ ಬೇ."

"ಹಂಗಾರ ಹಿತ್ತಲ ಬಾಗಲಿಗೆ ಯಾರು ಬರತಾರ, ಯಾವಾಗ ಬರತಾರ, ನಿನಗ ಗೊತ್ತಿರಬೇಕು. ನಾ ಐರಾಣಿ ಒಯ್ಯಾಕ ಬಂದೇನಿ. ಮುಂದಿಂದ ಹೋಗತೇನಿ."

ಹುಲ್ಲಪ್ಪ ಆಚೆ ಈಚೆ ನೋಡಿ ಬಾಗಿಲು ಬಿಟ್ಟ.

ಬಾಗಿಲೊಳಗೆ ಕಾಲಿಡುತ್ತಿದ್ದಂತೆ ಎದುರಿಗೆ ಎರಡು ಕಾಲು. ನೆಲದಿಂದ ಸೂರಿನವರೆಗೆ ಗೋಡೆ ತುಂಬ. ಹಿಮ್ಮಡಿಯ ಸೀಳು ಒಂದೊಂದೂ ಕೈ ಹೋಗುವಷ್ಟು ದೊಡ್ಡದು. ಮಾಯವ್ವ ಬಾಯಿ ತೆರೆದು ನಿಂತಳು. ಕತ್ತೆ ತುಳಿದು ಸೊಟ್ಟಾದ ಎಡಗಾಲ ಕಿರುಬೆರಳು ನೋಡಿದಳು. ಬಗ್ಗಿ ಶಿವಬಸವ್ವನ ಎಡಗಾಲು ನೋಡಿದಳು.

"ಯಕ್ಕಾ! ಇವು ನಿನ್ನ ಕಾಲಲ್ಲೇನ?"

"ನನ್ನವ."

"ಉಳಿದಾಕಿ ಎಲ್ಲಿ?"

"ಉಳಿದಾಕಿ ಬ್ಯಾಡಂತ ಅವರಿಗಿ."

ಮಾಯವ್ವನಿಗೆ ಸಿಟ್ಟಿನ ನಡುವೆಯೂ ನಗು ಬಂತು. "ಹೆಸರು ಬರದಿಲ್ಲಲ್ಲ? ಕಾಲ ಕಳದಾವಂತ ಯಾರರ ಹುಡಿಕ್ಯಾಡಿದ್ರ ಹೆಂಗ?"

ಒಳಗೆ ಬಿಳಿ ಕಟ್ಟೆಗಳ ಮೇಲೆ ಕಲಾವಿದರ ಕೆಲಸ ಇಟ್ಟಿದ್ದರು. ನಾಲ್ಕೈದು ಜನರ ಕೆಲಸ. ಹಿಸುಕಿದ ತಟ್ಟೆ, ಬಾಯಿ ಹೊಲಿದ ಹೂಜಿ, ಎಲುಬಿನಂಥ ಏನೋ. ಶಿವಬಸವ್ವನ ಕೈ ಸುಮ್ಮನಿರಲಿಲ್ಲ. ಸಂತೆಯಲ್ಲಿ ಗಡಿಗೆ ಕೊಳ್ಳುವ ಯಾವ ಹೆಂಗಸೂ ಮಾಡುವುದನ್ನೇ ಆಕೆ ಮಾಡಿದಳು. ಒಂದು ದೊಡ್ಡ ನೀಲಿ ಕೊಡಕ್ಕೆ ಬೆರಳ ಗೆಣ್ಣಿನಿಂದ ಟಕ್ ಅಂತ ಬಡಿದು ಕಿವಿ ಕೊಟ್ಟಳು. ಬದ್ ಅಂತು.

"ಮುಟ್ಟಬ್ಯಾಡ ಬೇ!" ಹುಲ್ಲಪ್ಪ ಓಡಿ ಬಂದ. "ಎಂಬತ್ತ ಸಾವಿರ ಅದು!"

"ಸೀಳೇತೋ ಇದು. ನೀರ ನಿಂದರಾಂಗಿಲ್ಲ. ಯಾರೂ ಬಡದು ನೋಡಿಲ್ಲೇನು?"

"ಸೀಳಿದ್ದಕ್ಕ ಎಂಬತ್ತ ಸಾವಿರಂತ. ಸೀಳಲಿಲ್ಲಂದ್ರ ನಲವತ್ತಂತ."

ಶಿವಬಸವ್ವ ಆ ಕೊಡವನ್ನೂ ಅವನನ್ನೂ ನೋಡಿದಳು. ನಮ್ಮಲ್ಲಿ ಇಂಥದ್ದನ್ನು ನಾಯಿಗೆ ನೀರಿಡಲೂ ಬಳಸುವುದಿಲ್ಲ.

ಆಮೇಲೆ ನಡುವಿನ ಹಾಲಿಗೆ ಬಂದರು.

ನೆಲ ಇಳಕಲ್ಲಿನ ಕೆಂಪು ಗ್ರಾನೈಟು, ಕನ್ನಡಿಯಂತೆ ಹೊಳೆಯುತ್ತಿತ್ತು. ಮೇಲಿನಿಂದ ಸಣ್ಣ ತಂತಿಗಳಲ್ಲಿ ಹತ್ತು ಐರಾಣಿ ತೂಗುಬಿದ್ದಿದ್ದವು. ಹನ್ನೊಂದನೆಯದನ್ನು ಒಂದು ಕಟ್ಟೆಯ ಮೇಲಿಟ್ಟಿದ್ದರು. ಒಳಗೆ ಬಲ್ಬು. ಪ್ರತಿಯೊಂದರ ಹೊಟ್ಟೆಯಲ್ಲೂ ತೂತು. ಒಂದಲ್ಲ ಎರಡಲ್ಲ. ಸುಣ್ಣದ ಮೇಲೆ, ಕೆಮ್ಮಣ್ಣಿನ ಗೆರೆಯ ಮೇಲೆ, ಅರಿಶಿನದ ಬೊಟ್ಟಿನ ನಟ್ಟನಡುವೆ ತೂತು. ತೂತಿನಿಂದ ಬೆಳಕು ಸೋರುತ್ತಿತ್ತು.

ಮಾಯವ್ವನ ಕೈಯಿಂದ ಚೀಲ ಬಿತ್ತು. ಜೋಳ ಗ್ರಾನೈಟಿನ ಮೇಲೆ ಹರಡಿತು.

"ಯಕ್ಕಾ," ಅಂದಳು. "ಯಕ್ಕಾ, ನನ್ನ ಮಗಳ ಐರಾಣಿಗಿ ತೂತ ಹೊಡದಾರ. ಬದುಕಿದಾಕಿಗಿ. ಇನ್ನಾ ಅರಿಷಿಣ ಹತ್ತಿಲ್ಲ ಆ ಕೂಸಿಗಿ."

ಚೆಲ್ಲಿದ ಜೋಳದ ಪಕ್ಕ ನೆಲಕ್ಕೆ ಕೂತಳು. ಬೀಸಿದ ತಣ್ಣನೆಯ ಏಸಿ ಗಾಳಿಗೆ ಗಡಿಗೆಗಳು ಮೆಲ್ಲಗೆ ತೂಗಿದವು. ಸುತ್ತ ನಿಂತ ಜನ ಕೈಯಲ್ಲಿ ಮಾವಿನ ಪಾನಕ ಹಿಡಿದು ಒಮ್ಮೆ ಗಡಿಗೆ ನೋಡಿದರು, ಒಮ್ಮೆ ಮಾಯವ್ವನನ್ನು ನೋಡಿದರು. ಇದೂ ಪ್ರದರ್ಶನದ್ದೇ ಇರಬೇಕು ಅಂತ ಒಬ್ಬ ಫೋನು ಎತ್ತಿ ಫೋಟೋ ತೆಗೆದ.

ಕಟ್ಟೆಗೆ ಒಂದು ಚೀಟಿ ಅಂಟಿಸಿತ್ತು. "ಓದೋ ಹುಲ್ಲಪ್ಪಾ," ಅಂದಳು ಶಿವಬಸವ್ವ.

ಹುಲ್ಲಪ್ಪ ಕೆಮ್ಮಿದ. "ಗರ್ಭದ ಬೆಳಕು. ಐಶ್ವರ್ಯ. ದೊರೆತ ವಸ್ತು ಮತ್ತು ದೀಪ."

"ದೊರೆತ ವಸ್ತು ಅಂದ್ರ?"

"ಅಂದ್ರ... ಸಿಕ್ಕಿದ್ದು ಬೇ."

"ಸಿಕ್ಕಿದ್ದು?"

"ಹೂಂ ಬೇ. ಹಾದ್ಯಾಗ ಸಿಗತಾವಲ್ಲ, ಹಂಗ."

ಸಿಕ್ಕಿದ್ದು. ಸೊಂಟ ಮುರಿದು ತುಳಿದಿದ್ದು ಸಿಕ್ಕಿದ್ದು. ಒಂದೊಂದಕ್ಕೂ ಎಂಟುನೂರು ಏಟು ತಟ್ಟಿದ್ದು ಸಿಕ್ಕಿದ್ದು. ಆವಿಗೆಯ ಹೊಗೆ ಕುಡಿದು ಕೆಮ್ಮಿದ್ದು ಸಿಕ್ಕಿದ್ದು. ಕಳ್ಳರಿಗೂ ಒಂದು ಮರ್ಯಾದೆ ಇರುತ್ತದೆ. ಅವರು ಕದ್ದೆವು ಅಂತ ಒಳಗಾದರೂ ಅಂದುಕೊಳ್ಳುತ್ತಾರೆ.

"ಶಿವಬಸವ್ವ! ಬಂದ್ರಾ!" ಐಶ್ವರ್ಯ ಮೇಡಂ ಎರಡೂ ಕೈ ಚಾಚಿಕೊಂಡು ಬಂದಳು. ಕೊರಳಲ್ಲಿ ಮಣ್ಣಿನ ಮಣಿಯ ಸರ. "ನೋಡಿ, ನಿಮ್ಮ ಮಡಕೆಗಳು ಹೇಗೆ ಉಸಿರಾಡ್ತಿವೆ!"

"ತೂತ ಯಾರು ಹೊಡದ್ರಿ?"

"ನಾನೇ! ಡ್ರಿಲ್ಲಿಂಗ್ ಮಷೀನಲ್ಲಿ. ಬೆಳಗಾಗೋಷ್ಟರಲ್ಲಿ ಮುಗಿಯಲ್ಲ ಅಂದ್ಕೊಂಡಿದ್ದೆ, ಒಂದೇ ರಾತ್ರೀಲಿ ಆಯ್ತು. ಒಂದೂ ಒಡೀಲಿಲ್ಲ ಗೊತ್ತಾ? ಎಷ್ಟು ಗಟ್ಟಿಯಾಗಿ ಮಾಡಿದ್ದೀರಿ!"

"ಇವು ಮದಿವಿ ಗಡಗಿ. ಗುರುವಾರ ಈಕಿ ಮಗಳಿಗಿ ಹೋಗಬೇಕಾಗಿತ್ತು."

"ಹೌದಾ?" ಮೇಡಂ ಕಣ್ಣು ಅರಳಿತು. "ಎಂಥಾ ಕಥೆ! ಇದನ್ನ ಕ್ಯಾಟಲಾಗಿನಲ್ಲಿ ಸೇರಿಸ್ಬೇಕು." ಆಮೇಲೆ ಕೂತಿದ್ದ ಮಾಯವ್ವನನ್ನು ನೋಡಿ, "ಅಯ್ಯೋ, ಅವರಿಗೆ ದುಡ್ಡು ಬರಲಿಲ್ವಾ? ನಾನು ಇಟ್ಟು ಬಂದಿದ್ದೆನಲ್ಲ?"

ಮಾಯವ್ವ ತಲೆ ಎತ್ತಿ ಶಿವಬಸವ್ವನನ್ನು ನೋಡಿದಳು. ನಿನ್ನೆ ಸಂಜೆಯ ಮಾತು ಆ ನೋಟದಲ್ಲಿ ಸತ್ತಿತು. ಶಿವಬಸವ್ವನಿಗೆ ಅಷ್ಟು ಸಾಕಿತ್ತು. ಆದರೆ ಈಗ ಅಷ್ಟಕ್ಕೇ ಮುಗಿಯುವಂತಿರಲಿಲ್ಲ.

ಶಂಕರಲಿಂಗ ಸಾವ್ಕಾರ ನಗುತ್ತ ಬಂದ. ಬಿಳಿ ಜುಬ್ಬಾ. ಅವನು ಈ ನೆಲದವನು. ಒಂದು ನೋಟಕ್ಕೆ ಅವನಿಗೆ ಎಲ್ಲ ತಿಳಿಯಿತು. ತಿಳಿದದ್ದು ತಿಳಿಯದಂತೆ ನಕ್ಕ.

"ಏನ್ ಶಿವಬಸವ್ವ, ಇಷ್ಟಕ್ಕ ಯಾಕ ಗದ್ಲ? ಹನ್ನೊಂದ ಸ್ಟೀಲಿನ ಕೊಡ ಕೊಡಸತೇನಿ ಆ ಹುಡಿಗಿಗಿ. ನನ್ನ ಕಡಿಂದ ಆಹೇರಿ."

"ನಿಮ್ಮ ಮಗಳ ಮದಿವಿಗಿ ಸ್ಟೀಲ್ ಇಟ್ಟಿದ್ರೇನ್ರಿ ಸಾವ್ಕಾರ್ರ?" ಶಿವಬಸವ್ವ ಕೇಳಿದಳು. "ನಮ್ಮ ಓಣಿಗಿ ಮೂರ ಕಾರ ತಗೊಂಡ ಬಂದಿದ್ರಿ. ನಿಮ್ಮ ಮನಿಯವರು ನನ್ನ ತಿಗರಿಗಿ ಕೈ ಮುಗದ್ರು, ನನಗ ಉಡಿ ತುಂಬಿದ್ರು. ಆವಾಗ ಐರಾಣಿಗಿ ತೂತ ಇದ್ವೇನು?"

ಸಾವ್ಕಾರ ದನಿ ತಗ್ಗಿಸಿದ. "ಪೇಪರಿನವರು ಬಂದಾರ. ಮಂದಿ ಮುಂದ ಮರ್ಯಾದಿ ತಗೀಬ್ಯಾಡ. ಆಮ್ಯಾಲ ಕುಂತ ಮಾತಾಡೂಣು. ಈಗ ಸುಮ್ಮ ನಿನ್ನ ಕೆಲಸ ಮಾಡು."

ಅವಳ ಕೆಲಸ ಏನು ಅನ್ನುವುದನ್ನು ಮೇಡಂ ತೋರಿಸಿದಳು. ಮೂಲೆಯಲ್ಲಿ ಕೆಂಪು ಜಮಖಾನೆ, ಅದರ ಮೇಲೆ ಕರೆಂಟಿನ ತಿಗರಿ, ಸುತ್ತ ಹಗ್ಗ. ಹಗ್ಗಕ್ಕೆ ಒಂದು ಫಲಕ: 'ಸಾಂಪ್ರದಾಯಿಕ ಕುಂಬಾರ ಮಹಿಳೆ. ದಯವಿಟ್ಟು ಮಾತನಾಡಿಸಬೇಡಿ.' ಮೇಡಂ ಕೈಯಲ್ಲಿ ಒಂದು ಇಳಕಲ್ ಸೀರೆ ಇತ್ತು.

"ಇದನ್ನು ಉಟ್ಕೊಂಡು ಬಂದ್ಬಿಡಿ, ಪ್ಲೀಸ್. ನೀವು ಉಟ್ಟಿರೋ ಪಾಲಿಸ್ಟರ್ ಅಷ್ಟು ಸಹಜವಾಗಿ ಕಾಣಲ್ಲ. ಕಾರ್ಯಕ್ರಮ ಮುಗಿದ ಮೇಲೆ ವಾಪಸ್ ಕೊಟ್ಟರಾಯ್ತು."

ಶಿವಬಸವ್ವ ತನ್ನ ಸೀರೆ ನೋಡಿಕೊಂಡಳು. ಅಮೀನಗಡದ ಸಂತೆಯದು. ಮಣ್ಣಿನ ಕಲೆ ಬೇಗ ಹೋಗುತ್ತದೆ ಅಂತ ತಗೊಂಡಿದ್ದು. ಸಹಜವಾಗಿ ಕಾಣುವುದಿಲ್ಲವಂತೆ. ಐವತ್ತೆಂಟು ವರ್ಷ ಅವಳು ಅವಳಾಗಿ ಬದುಕಿದ್ದು ಇವರ ಕಣ್ಣಿಗೆ ವೇಷವಾಗಿತ್ತು. ಇವರು ಕೊಟ್ಟದ್ದು ಉಟ್ಟರೆ ಮಾತ್ರ ಕುಂಬಾರಗಿತ್ತಿ.

"ಒಲ್ಲೆ," ಅಂದಳು.

"ಐದೇ ನಿಮಿಷ..."

"ಒಲ್ಲೆ ಅಂದ್ನೆಲ್ರಿ."

ಸೆರಗಿನ ಗಂಟು ಬಿಚ್ಚಿದಳು. ನಾಲ್ಕು ನೋಟು ತೆಗೆದು ಆ ಕರೆಂಟಿನ ತಿಗರಿಯ ನಡುವೆ ಇಟ್ಟಳು. ಮೇಲೆ ಒಂದು ಹೆಂಟೆ ಮಣ್ಣು. ಅವರು ಇಟ್ಟಿದ್ದ ಹಾಗೆಯೇ.

ಆಮೇಲೆ ಮಾಯವ್ವನ ಹತ್ತಿರ ಹೋಗಿ ಮೊಣಕಾಲೂರಿ ಕೂತಳು. ಚೆಲ್ಲಿದ ಜೋಳವನ್ನು ಎರಡೂ ಕೈಯಿಂದ ಬಾಚಿ ಚೀಲಕ್ಕೆ ಹಾಕಿದಳು.

"ಕೇಳಿಲ್ಲಿ ತಂಗಿ. ನಾಳೆ ಒಂದಿನ ಚಲೋ ಬಿಸಲೈತಿ. ಮಣ್ಣ ಹದ ಮಾಡಿ ಇಟ್ಟೇನಿ. ಮುಟಗಿಯಷ್ಟ, ಐದ ಸಣ್ಣ ಗಡಗಿ ಮಾಡತೇನಿ. ಒಂದಿನಕ್ಕ ಒಣಗತಾವು. ಗುರುವಾರ ನಸಕಿನ್ಯಾಗ ಬೆರಣಿ ಹಾಕಿ ಸುಡತೇನಿ. ನೀ ಬಾಜಾ ತಗೊಂಡ ಬಾ."

"ಮುಟಗಿಯಷ್ಟಕ್ಕ ಐರಾಣಿ ಅಂತಾರೇನು?"

"ಐರಾಣಿಗಿ ಗಾತ್ರ ಇಲ್ಲ, ಲೆಕ್ಕಾನೂ ಇಲ್ಲ. ತೂತ ಇರಬಾರದು, ಅಷ್ಟ."

ಮಾಯವ್ವ ಕಣ್ಣೊರೆಸಿಕೊಂಡಳು. "ಮತ್ತ ಇವು?"

ಶಿವಬಸವ್ವ ತೂಗುವ ಗಡಿಗೆಗಳನ್ನು ನೋಡಿದಳು. "ತೂತ ಬಿದ್ದ ಮ್ಯಾಲ ಅವಕ್ಕ ಒಂದ ಕೆಲಸ ಉಳಿತು. ಅದನ್ನ ಮಾಡಿ ಹೋಗೂಣು."

ಅಷ್ಟರಲ್ಲಿ ಮೈಕು ಸದ್ದು ಮಾಡಿತು. ಹಾಲಿನ ನಡುವೆ, ಗಡಿಗೆಗಳ ಕೆಳಗೆ, ಸಾವ್ಕಾರ ಮತ್ತು ಮೇಡಂ ಅಕ್ಕಪಕ್ಕ ನಿಂತರು. ಜನ ಸುತ್ತ ಸೇರಿದರು. ಮೇಡಂ ಮಾತು ಶುರು ಮಾಡಿದಳು. ಮಣ್ಣು ನಮ್ಮೆಲ್ಲರ ತಾಯಿ, ಹೆಸರಿಲ್ಲದ ಕೈಗಳಿಗೆ ನನ್ನ ನಮನ, ಅಂತ. ಹೆಸರಿಲ್ಲದ ಕೈ ಅಲ್ಲಿಯೇ, ಮೂರು ಮಾರು ದೂರದಲ್ಲಿ, ಕಟ್ಟೆಯ ಮೇಲಿನ ಹನ್ನೊಂದನೇ ಗಡಿಗೆಯೊಳಗೆ ಹೋಗಿ ಬಲ್ಬನ್ನು ಕಿತ್ತು ಹೊರಗೆ ಎಸೆಯಿತು. ಹೆಸರು ಶಿವಬಸವ್ವ. ಕೇಳಿದ್ದರೆ ಹೇಳುತ್ತಿದ್ದಳು.

"ಹುಲ್ಲಪ್ಪಾ, ನೀರು."

ಹುಲ್ಲಪ್ಪನಿಗೆ ಅರ್ಥವಾಯಿತು. "ಬ್ಯಾಡ ಬೇ. ಅದು ಗಂಡಸರು ಮಾಡೂದು. ಹೆಂಗಸರು ಅದನ್ನ ಹೊರಬಾರದು."

"ಹೆಂಗಸರು ತಿಗರೀನೂ ಮುಟ್ಟಬಾರದಂತಿದ್ರು. ನೀರ ತಾ."

ಅವನು ಬಿಳಿ ಗ್ಲೌಸು ಕಳಚಿ ಜೇಬಿಗಿಟ್ಟ. ಗೆಸ್ಟುಗಳಿಗೆ ಇಟ್ಟಿದ್ದ ಇಪ್ಪತ್ತು ಲೀಟರಿನ ನೀರಿನ ಕ್ಯಾನು ಎತ್ತಿ ತಂದು, ಬಗ್ಗಿಸಿ, ಗಡಿಗೆಗೆ ಸುರಿದ. ಹಾಕುತ್ತಿದ್ದಂತೆ ತೂತುಗಳಿಂದ ಸೋರತೊಡಗಿತು. ಶಿವಬಸವ್ವ ಗಡಿಗೆಯನ್ನು ಎತ್ತಿ ಎಡಹೆಗಲ ಮೇಲಿಟ್ಟುಕೊಂಡಳು.

ಮೊದಲ ಸುತ್ತು. ಜನ ದಾರಿ ಬಿಟ್ಟರು. ಅವಳು ಸಾವ್ಕಾರ ಮತ್ತು ಮೇಡಂ ನಿಂತ ಜಾಗದ ಸುತ್ತ ಎಡಕ್ಕೆ ನಡೆದಳು. ಬರಿಗಾಲು. ನೀರು ಹೆಗಲಿಂದ, ಬೆನ್ನಿಂದ, ಪಾಲಿಸ್ಟರ್ ಸೀರೆಯಿಂದ ಇಳಿದು ಹೊಳೆಯುವ ಗ್ರಾನೈಟಿನ ಮೇಲೆ ಗೆರೆ ಎಳೆಯಿತು. ಮೇಡಂ ಮಾತು ನಿಲ್ಲಿಸಿದಳು. ಆಮೇಲೆ ಮುಗುಳ್ನಕ್ಕು, ಕೈ ಜೋಡಿಸಿ, ಕಣ್ಣು ಮುಚ್ಚಿ ನಿಂತಳು. ಆರತಿ ಎತ್ತುತ್ತಿದ್ದಾರೆ ಅಂದುಕೊಂಡಳೋ ಏನೋ.

ಎರಡನೇ ಸುತ್ತು. ಫೋನುಗಳು ಎದ್ದವು. "ಪರ್ಫಾರ್ಮೆನ್ಸ್," ಅಂತ ಯಾರೋ ಪಿಸುಗುಟ್ಟಿದರು. ಸಾವ್ಕಾರನಿಗೆ ಮಾತ್ರ ಗೊತ್ತಿತ್ತು. ಹೊರಗೆ ಬರಲು ಒಂದು ಹೆಜ್ಜೆ ಎತ್ತಿದ. ಮುಂದೆ ನೀರಿನ ಗೆರೆ. ಎತ್ತಿದ ಕಾಲನ್ನು ಎತ್ತಿದಲ್ಲೇ ಹಿಡಿದ. ಸಾಲು ಗುಡ್ಡ ಕಡಿದು ದಾಟಿದವನು ಆ ಒಂದು ಬೆರಳು ಅಗಲದ ನೀರು ದಾಟಲಾರದೆ ಹೋದ.

"ಶಿವಬಸವ್ವ," ಅಂದ. "ಬ್ಯಾಡ. ಕೈ ಮುಗಿತೇನಿ."

ಅವಳಿಗೆ ಕೇಳಿಸಿತು. ಬದುಕಿದವರ ಮಾತಿಗಾದರೆ ಉತ್ತರ ಕೊಡಬಹುದಿತ್ತು.

ಮೂರನೇ ಸುತ್ತು. ಹೆಗಲ ಮೇಲೆ ಗಡಿಗೆ ಹಗುರವಾಗುತ್ತ ಬಂತು. ಸುತ್ತು ಮುಗಿದಲ್ಲಿ ಅವರಿಗೆ ಬೆನ್ನು ಮಾಡಿ ನಿಂತಳು. ಹೆಗಲು ಕೊಡವಿದಳು.

ಗಡಿಗೆ ಬಿತ್ತು. ಇಳಕಲ್ಲಿನ ಗ್ರಾನೈಟು ಬಹಳ ಗಟ್ಟಿ.

ಆಮೇಲೆ ಚಪ್ಪಾಳೆ. ಮೊದಲು ಒಬ್ಬರು, ಆಮೇಲೆ ಎಲ್ಲರೂ. ಎಲ್ಲರಿಗಿಂತ ಜೋರಾಗಿ ಮೇಡಂ. "ಅದ್ಭುತ! ಅದ್ಭುತ ಶಿವಬಸವ್ವ! ನಾಳೆ ಹನ್ನೊಂದಕ್ಕೆ ಇನ್ನೊಮ್ಮೆ ಮಾಡ್ತೀರಾ? ಟೀವಿಯವರು ಬರ್ತಾರೆ!"

ಶಿವಬಸವ್ವ ನಡೆಯುತ್ತಿದ್ದಳು. ಗೋಡೆಯ ಮೇಲಿನ ದೊಡ್ಡ ಕಾಲುಗಳ ಪಕ್ಕದಿಂದ ಅವಳ ಒದ್ದೆ ಕಾಲುಗಳು ಹೊರಬಿದ್ದವು. ಮಾಯವ್ವ ಬಾಗಿಲಲ್ಲಿ ಕತ್ತು ತಿರುಗಿಸಲು ಹೋದಳು. ಶಿವಬಸವ್ವ ಅವಳ ಗಲ್ಲ ಹಿಡಿದು ಮುಂದಕ್ಕೆ ಮಾಡಿದಳು.

ಗೇಟಿನ ಹತ್ತಿರ ಹುಲ್ಲಪ್ಪ ಕೆಂಪು ಟೊಪ್ಪಿಗೆ ತೆಗೆದಿಟ್ಟು, ಗಿಡಕ್ಕೆ ನೀರು ಬಿಡುವ ನಲ್ಲಿಯ ಕೆಳಗೆ ತಲೆ ಕೊಟ್ಟು ಕೂತಿದ್ದ. ಸುಡುಗಾಡಿನಿಂದ ಬಂದವನು ಜಳಕ ಮಾಡದೆ ಕೆಲಸಕ್ಕೆ ಹೋಗುವುದಿಲ್ಲ.

ಬಸ್ಸು ಬಂತು. ಇಬ್ಬರೂ ಆಧಾರ್ ಕಾರ್ಡು ತೋರಿಸಿದರು. ಕಂಡಕ್ಟರ್ ಚೀಟಿ ಹರಿದು ಕೊಡುತ್ತ ಶಿವಬಸವ್ವನ ಸೀರೆ ನೋಡಿದ.

"ಏನ ಬೇ ಯವ್ವಾ, ಇಂಥಾ ಬಿಸಲಾಗ ಹಿಂಗ ತೊಯ್ಸಿಕೊಂಡ ಬಂದಿ? ಎಲ್ಲಿಗಿ ಹೋಗಿದ್ದಿ?"

"ಸತ್ತವರ ಮನಿಗಿ."

ಕಂಡಕ್ಟರ್ ಟೊಪ್ಪಿಗೆ ಸರಿಸಿದ. "ಯಾರು ತೀರಿಕೊಂಡ್ರು ಬೇ?"

ಶಿವಬಸವ್ವ ಕಿಟಕಿಯ ಹೊರಗೂ ನೋಡಲಿಲ್ಲ. ಸೆರಗು ಹಿಂಡಿದಳು.

"ಅವರಿಗಿನ್ನೂ ಗೊತ್ತಾಗಿಲ್ಲಪಾ," ಅಂದಳು. "ಚಪ್ಪಾಳಿ ಹೊಡಿಯಾಕತ್ತಾರ."